ಬಯಲುಸೀಮೆಯ ಬದುಕು: ಚಿತ್ರದಲ್ಲಿ, ಕಥನದಲ್ಲಿ

ಪರಂಪರೆಯ ಸ್ವರೂಪ

ಹಳ್ಳಿಯ ಬದುಕನ್ನು ಛಾಯಾಚಿತ್ರದಲ್ಲೂ ಕಥನದಲ್ಲೂ ದಾಖಲಿಸಿ, ಅದನ್ನು ಅಕ್ಕರೆಯಿಂದ ನೆನೆಯುವ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಬೆಳೆಯಿತು. ಬೇಸಾಯಕ್ಕೆ ಯಂತ್ರಗಳು ಬಂದು, ಜನ ಊರು ಬಿಟ್ಟು ಪಟ್ಟಣ ಸೇರತೊಡಗಿದ ಕಾಲದಲ್ಲಿಯೇ ಅದು ಬಲಗೊಂಡಿತು. ಛಾಯಾಚಿತ್ರ ಒಂದು ಕ್ಷಣದ ಹೊರರೂಪವನ್ನು ಇದ್ದಂತೆ ಉಳಿಸುತ್ತದೆ. ಆ ಕ್ಷಣದ ಹಿಂದುಮುಂದನ್ನೂ ಅಲ್ಲಿದ್ದವರ ಮನಸ್ಸನ್ನೂ ತಿಳಿಸಲು ಕಥನವೇ ಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕಥನ ಮೊದಲು ಹುಟ್ಟಿ ಸಮೃದ್ಧವಾಗಿ ಬೆಳೆಯಿತು. ಛಾಯಾಚಿತ್ರ ಅದರ ಸಮಕ್ಕೆ ಇನ್ನೂ ಬಂದಿಲ್ಲ.

ಅಮೆರಿಕದ ಎರಡು ದಾರಿಗಳು

1930ರ ದಶಕದಲ್ಲಿ ಅಮೆರಿಕದ ರೈತರು ಆರ್ಥಿಕ ಮುಗ್ಗಟ್ಟಿಗೂ ಬರಕ್ಕೂ ಧೂಳಿನ ಬಿರುಗಾಳಿಗೂ ಒಟ್ಟಿಗೇ ಸಿಕ್ಕಿ ತತ್ತರಿಸಿದರು. ಅವರ ಸ್ಥಿತಿಯನ್ನು ದಾಖಲಿಸಲು ಅಲ್ಲಿನ ಸರ್ಕಾರ 1935ರಲ್ಲಿ ಕೈಗೊಂಡ ಕೆಲಸವನ್ನು ರಾಯ್ ಸ್ಟ್ರೈಕರ್ ನಡೆಸಿದರು. ವಾಕರ್ ಇವಾನ್ಸ್, ಡೊರೊತಿಯಾ ಲ್ಯಾಂಗ್ ಮುಂತಾದವರು ಚಿತ್ರ ತೆಗೆದರು. 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಗಳ ಬಿಡಾರವೊಂದರಲ್ಲಿ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ಜಗತ್ಪ್ರಸಿದ್ಧವಾಯಿತು. ಆದರೆ ಆ ತಾಯಿಯ ಹೆಸರನ್ನು ಅವರು ಬರೆದುಕೊಂಡಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಮುಖ ಉಳಿದು ಹೆಸರು ಕಳೆದುಹೋಗುವುದು ಗ್ರಾಮಚಿತ್ರಣದ ಅತಿ ದೊಡ್ಡ ಲೋಪ. ಚಿತ್ರ ಎಷ್ಟೇ ಶ್ರೇಷ್ಠವಾಗಿದ್ದರೂ ಆ ಕೊರತೆ ತುಂಬುವುದಿಲ್ಲ.

ಎರಡನೆಯ ದಾರಿ ನೆಬ್ರಾಸ್ಕದ ರೈಟ್ ಮಾರಿಸ್ ಅವರದು. ಅವರ ‘ದಿ ಹೋಮ್ ಪ್ಲೇಸ್’ (1948) ಕಾದಂಬರಿಯಲ್ಲಿ ಪಠ್ಯದ ಪುಟದೆದುರು ಛಾಯಾಚಿತ್ರವಿದೆ. ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಮನುಷ್ಯರಲ್ಲ, ಅವರು ಬಳಸಿ ಸವೆಸಿದ ವಸ್ತುಗಳು. ಮನುಷ್ಯರು ಎದುರಿನ ಪುಟದಲ್ಲಿ ಮಾತಾಡುತ್ತಾರೆ. ಚಿತ್ರ ಕಥೆಗೆ ಅಲಂಕಾರವೂ ಅಲ್ಲ, ಕಥೆ ಚಿತ್ರಕ್ಕೆ ವಿವರಣೆಯೂ ಅಲ್ಲ. ಬಯಲುಸೀಮೆಗೆ ಒಗ್ಗುವ ಮಾದರಿ ಇದೇ.

ಹಟ್ಟಿಯ ಕಥನ

ಚಳ್ಳಕೆರೆ, ಮೊಳಕಾಲ್ಮೂರು ಮಳೆ ಕಡಿಮೆಯಾದ ನಾಡು. ಶೇಂಗಾ ಬೆಳೆಯುವ ಕೆಂಪು ನೆಲ, ಕುರಿಮಂದೆ, ಕಂಬಳಿ ನೇಯ್ಗೆ, ವಿಶಾಲವಾದ ಹುಲ್ಲುಗಾವಲುಗಳು ಇಲ್ಲಿನ ಗುರುತು. ಆ ಹುಲ್ಲುಗಾವಲುಗಳನ್ನು ಇಲ್ಲಿ ಕಾವಲು ಎನ್ನುತ್ತಾರೆ. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಲ್ಲಿ ಪಶುಪಾಲನೆಯೇ ಧರ್ಮವೂ ಹೌದು. ಮ್ಯಾಸಬೇಡರು ದೇವರಿಗೆ ಬಿಟ್ಟ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಅವನ್ನು ಕಾಯಲು ಕಿಲಾರಿಗಳಿದ್ದಾರೆ. ಎರಡೂ ಸಮುದಾಯಗಳಲ್ಲಿ ದನ ಕಾದ ವೀರರೇ ದೇವರಾಗಿದ್ದಾರೆ, ಅವರ ಚರಿತ್ರೆಯನ್ನು ಹಾಡಿನಲ್ಲಿ ಉಳಿಸಿಕೊಂಡಿದ್ದಾರೆ.

ಈ ಹಾಡಿನ ಭಂಡಾರಕ್ಕೆ ದೊಡ್ಡ ಹೆಸರು ಸಿರಿಯಜ್ಜಿಯವರದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಈ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ; ಸಾವಿರಾರು ಪದಗಳು ಬಾಯಲ್ಲಿದ್ದವು. ಚಳ್ಳಕೆರೆಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಹನೂರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಸಂಕಲನ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಇಲ್ಲಿ ಹಾಡಿದವರ ಹೆಸರು, ಹಟ್ಟಿಯ ಹೆಸರು, ಸಂಗ್ರಹಿಸಿದವರ ಹೆಸರು ಮೂರೂ ಒಟ್ಟಿಗೆ ಉಳಿದಿವೆ. ಹನೂರರು ಮುಂದೆ ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ಯಂಥ ಕಾದಂಬರಿ ಬರೆದವರು.

ಬರಹದ ಕಥನವೂ ಈ ನೆಲಕ್ಕೆ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕು ಕನ್ನಡ ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರ ಊರು, ‘ದುರ್ಗಾಸ್ತಮಾನ’ ಕಾದಂಬರಿಯ ತ.ರಾ.ಸು. ಅದೇ ಮನೆತನದವರು. ಅದೇ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಖಾದಿಯುಟ್ಟು, ಹಳ್ಳಿಯಲ್ಲೇ ಶಾಲೆ ಕಟ್ಟಿ, ‘ಹಳ್ಳಿ ಚಿತ್ರ’, ‘ಹಳ್ಳಿ ಮೇಷ್ಟ್ರು’ ಎಂಬ ನಾಟಕಗಳನ್ನು ಬರೆದರು. ಮುಕುಂದೂರು ಸ್ವಾಮಿಗಳನ್ನು ಕುರಿತ ಅವರ ‘ಯೇಗ್ದಾಗೆಲ್ಲಾ ಐತೆ’ ಕಥೆಯಲ್ಲ, ನೆನಪು. ಆದರೂ ಆಡುಮಾತನ್ನು ತಿದ್ದದೆ ಅಚ್ಚಿಗೆ ತಂದ ಆ ಪುಸ್ತಕದಲ್ಲಿ ಊರಿನ ದನಿ ಎಷ್ಟು ಜೀವಂತವಾಗಿದೆಯೆಂದರೆ, ಅನೇಕ ಗ್ರಾಮೀಣ ಕಾದಂಬರಿಗಳು ಅದರ ಮುಂದೆ ಸಪ್ಪೆಯೆನಿಸುತ್ತವೆ.

ಮಗ್ಗದ ಮುಂದೆ ಕ್ಯಾಮೆರಾ

ಕರ್ನಾಟಕದಲ್ಲಿ ಸಾಮಾನ್ಯ ಜನರ ದಿನನಿತ್ಯವನ್ನು ಛಾಯಾಚಿತ್ರದ ಘನವಾದ ವಸ್ತುವಾಗಿಸಿದವರಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಮುಖ್ಯರು. ಆ ಬಗೆಯ ನೋಟಕ್ಕೆ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗ ಉತ್ತಮ ಪರೀಕ್ಷೆ.

ಕುಣಿಮಗ್ಗದಲ್ಲಿ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಸೀರೆಯ ಒಡಲಿಗೆ ಒಂದು ಬಣ್ಣದ ಹೊಕ್ಕು, ಅಂಚಿಗೆ ಇನ್ನೊಂದು. ಎರಡು ಬಣ್ಣ ಬೆರೆಯದಂತೆ, ಆದರೆ ಬಟ್ಟೆ ಸೀಳದಂತೆ, ಪ್ರತಿ ಎಳೆಯಲ್ಲೂ ಅಂಚಿನ ನೂಲು ಒಡಲಿನ ನೂಲಿಗೆ ಕೊಂಡಿ ಹಾಕಿಕೊಳ್ಳಬೇಕು. ಅದಕ್ಕೆ ಮೂರು ಲಾಳಿ ಬೇಕು. ಪಕ್ಕದಲ್ಲಿ ಕೂತು ಅಂಚಿನ ಲಾಳಿ ಹಾಯಿಸುವ ಎರಡನೆಯ ಕೈಯೂ ಬೇಕು. ಮನೆಯೊಳಗೆ ಬೆಳಕು ಕಡಿಮೆಯಾದ್ದರಿಂದ ಕ್ಯಾಮೆರಾದ ಕವಾಟವನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ. ಆಗ ನಿಶ್ಚಲವಾದ ಹಾಸು ಸ್ಪಷ್ಟವಾಗಿ ಮೂಡಿ, ಓಡುವ ಲಾಳಿ ಮಸುಕಾಗುತ್ತದೆ. ಈ ಮಸುಕು ದೋಷವಲ್ಲ. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಫ್ಲಾಶ್ ಬೆಳಗಿಸಿದರೆ ಲಾಳಿ ನಿಲ್ಲುತ್ತದೆ, ಕೋಣೆಯ ಸಹಜ ಬೆಳಕು ಕಾಣೆಯಾಗುತ್ತದೆ. ಚಿತ್ರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಆ ಎರಡನೆಯ ಕೈ. ಕಥೆಗಾರರು ಹಿಡಿಯಬೇಕಾದ ಪಾತ್ರವೂ ಅದೇ.

ಜಾತ್ರೆಗಳಲ್ಲಿ ಸಮಸ್ಯೆ ಬೇರೆ. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿ ಬಳಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಪರಿಷೆಯಲ್ಲಿ ಮುಳ್ಳಿನಿಂದ ಗುಡಿ ಕಟ್ಟಿ, ಬರಿಗಾಲಲ್ಲಿ ಅದನ್ನೇರಿ ಕಳಶ ಇಳಿಸುತ್ತಾರೆ. ಪತ್ರಿಕೆಗಳಲ್ಲಿ ಪ್ರತಿ ಸಲ ಅಚ್ಚಾಗುವುದು ಏರುವ ಆ ಕ್ಷಣ. ಮುಳ್ಳು ಕಡಿದು ತಂದು ಗುಡಿ ಕಟ್ಟುವ ಕೆಲಸ, ಸೇರುವ ಹಟ್ಟಿಗಳ ನೇಮ, ಕ್ಯಾತಪ್ಪ ಯಾರೆಂಬ ಕಥೆ ಚೌಕಟ್ಟಿನ ಹೊರಗೇ ಉಳಿಯುತ್ತವೆ. ಇದರಿಂದ ಭಕ್ತಿ ಬರಿಯ ಸಾಹಸವಾಗಿ ಕಾಣುತ್ತದೆ. ಇದು ಆ ಜನರಿಗೆ ಆಗುವ ಅನ್ಯಾಯ.

ಉಪಯೋಗ

ಊರು, ಹೆಸರು, ಋತು ಬರೆದಿಟ್ಟ ಚಿತ್ರ ಜಾನಪದ ಅಧ್ಯಯನಕ್ಕೂ ಶಾಲೆಯ ಪಾಠಕ್ಕೂ ಒದಗುತ್ತದೆ. ಮೊಳಕಾಲ್ಮೂರು ಸೀರೆಯಂಥ ಭೌಗೋಳಿಕ ಸೂಚಕ ಪಡೆದ ಉತ್ಪನ್ನದ ನೇಯ್ಗೆಯ ಕ್ರಮವನ್ನು ತೋರಿಸಲೂ ನೆರವಾಗುತ್ತದೆ. ಭೂಮಿಯ ಬಳಕೆ ಬದಲಾದಾಗ ಅಂಥ ಚಿತ್ರದ ಬೆಲೆ ಇನ್ನೂ ಹೆಚ್ಚು. ಚಳ್ಳಕೆರೆಯ ಅಮೃತಮಹಲ್ ದನಗಳ ಕಾವಲಿನ ಸುಮಾರು 10,000 ಎಕರೆ ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಬೇಲಿ, ಗೋಡೆ ಬಂದವು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ಹೋಯಿತು. ದನ, ಕುರಿಗಳು ಯಾವ ದಾರಿಯಲ್ಲಿ ಮೇಯಲು ಹೋಗುತ್ತಿದ್ದವು, ಯಾವ ಕಟ್ಟೆಯಲ್ಲಿ ನೀರು ಕುಡಿಯುತ್ತಿದ್ದವು ಎಂಬುದನ್ನು ಸರ್ಕಾರಿ ನಕ್ಷೆಗಳಿಂದಷ್ಟೇ ತಿಳಿಯಲಾಗದು. ಅದಕ್ಕೆ ಹಳೆಯ ಚಿತ್ರಗಳೂ, ಕುರಿಗಾಹಿಗಳ ಹಾಗೂ ಕಿಲಾರಿಗಳ ಬಾಯಲ್ಲಿರುವ ಕಥೆಗಳೂ ಬೇಕು. ಆ ಕಥೆ ಹೇಳಬಲ್ಲ ಹಿರಿಯರು ಹಟ್ಟಿಗಳಲ್ಲಿ ಈಗಲೂ ಇದ್ದಾರೆ.