ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರ್ ಖರೀದಿ: ಗ್ರಾಹಕರು ಮುಂಚಿತವಾಗಿ ಪರಿಶೀಲಿಸಬೇಕಾದ ಅಂಶಗಳು

ಪೀಠಿಕೆ

ಅಂಗೈಯಲ್ಲಿ ಹಿಡಿಯಬಹುದಾದ ಚಿಕ್ಕ ವಿಡಿಯೋ ಕ್ಯಾಮೆರಾವನ್ನು ಕ್ಯಾಮ್‌ಕಾರ್ಡರ್ ಎಂದೂ, ಜನಬಳಕೆಯಲ್ಲಿ ಹ್ಯಾಂಡಿಕ್ಯಾಮ್ ಎಂದೂ ಕರೆಯಲಾಗುತ್ತದೆ. ಸ್ಮಾರ್ಟ್‌ಫೋನ್‌ಗಳ ಬಳಕೆ ಹೆಚ್ಚಿದ ನಂತರ ಮಾರುಕಟ್ಟೆಯಲ್ಲಿ ಇವುಗಳ ಮಾದರಿಗಳು ಗಣನೀಯವಾಗಿ ಕಡಿಮೆಯಾಗಿವೆ. ಆದಾಗ್ಯೂ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವ, ಯಕ್ಷಗಾನ ಪ್ರದರ್ಶನ ಮುಂತಾದ ದೀರ್ಘಾವಧಿಯ ಕಾರ್ಯಕ್ರಮಗಳ ದಾಖಲೀಕರಣಕ್ಕೆ ಇವು ಇಂದಿಗೂ ಬಳಕೆಯಲ್ಲಿವೆ. ಸಾಲ ಪಡೆದು ಕ್ಯಾಮೆರಾ ಕೊಂಡು ಸ್ವಯಂ ಉದ್ಯೋಗ ಆರಂಭಿಸುವವರೂ ಇದ್ದಾರೆ.

ದೋಷಯುಕ್ತ ಕ್ಯಾಮೆರಾವನ್ನು ಬದಲಾಯಿಸಿಕೊಳ್ಳಲು ಅವಕಾಶವಿರುತ್ತದೆ. ಅದರಿಂದ ಸರಿಯಾಗಿ ದಾಖಲಾಗದೆ ಹೋದ ಸಮಾರಂಭವನ್ನು ಮತ್ತೆ ಪಡೆಯಲಾಗದು. ಆದುದರಿಂದ ಗ್ರಾಹಕರು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಮಾತ್ರ ನಂಬದೆ, ತಾವು ಬಳಸಲಿರುವ ಸನ್ನಿವೇಶವನ್ನೇ ಹೋಲುವ ಸ್ಥಿತಿಯಲ್ಲಿ ಕ್ಯಾಮೆರಾವನ್ನು ಪರೀಕ್ಷಿಸಿ ಖರೀದಿಸುವುದು ಸೂಕ್ತ.

1. ಹೈ ಡೆಫಿನಿಷನ್ ಎಂದರೇನು

ಹಿಂದಿನ ಪಾಲ್ ಪದ್ಧತಿಯ ಡಿಜಿಟಲ್ ಚಿತ್ರದಲ್ಲಿ 720×576, ಅಂದರೆ 4,14,720 ಬಿಂದುಗಳಿದ್ದವು. ಪೂರ್ಣ ಹೈ ಡೆಫಿನಿಷನ್ ಚಿತ್ರದಲ್ಲಿ 1920×1080, ಅಂದರೆ 20,73,600 ಬಿಂದುಗಳಿರುತ್ತವೆ. ಇದು ಐದು ಪಟ್ಟು ಅಧಿಕ. ಆದರೆ 1280×720 ಬಿಂದುಗಳ ಚಿತ್ರವನ್ನೂ ಹೈ ಡೆಫಿನಿಷನ್ ಎಂದೇ ಕರೆಯಲಾಗುತ್ತದೆ. ಆದ್ದರಿಂದ 'ಎಚ್‌ಡಿ' ಎಂಬ ಪದವನ್ನಷ್ಟೇ ನೋಡದೆ, ನಿಖರವಾದ ಸಂಖ್ಯೆಯನ್ನು ಕೇಳಿ ತಿಳಿಯಬೇಕು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಲಾಗುವ ಮೆಗಾಪಿಕ್ಸೆಲ್ ಸಂಖ್ಯೆಯು ಬಹುಮಟ್ಟಿಗೆ ಸ್ಥಿರಚಿತ್ರಗಳಿಗೆ ಸಂಬಂಧಿಸಿದ್ದು. ಪೂರ್ಣ ಹೈ ಡೆಫಿನಿಷನ್ ವಿಡಿಯೋದ ಪ್ರತಿ ಚಿತ್ರಕ್ಕೆ ಸುಮಾರು 2 ಮೆಗಾಪಿಕ್ಸೆಲ್ ಸಾಕು.

2. ಮಂದ ಬೆಳಕಿನ ಪರೀಕ್ಷೆ

ಚಿಕ್ಕ ಕ್ಯಾಮೆರಾಗಳ ಮುಖ್ಯ ದೌರ್ಬಲ್ಯವು ಮಂದ ಬೆಳಕಿನಲ್ಲಿ ಕಂಡುಬರುತ್ತದೆ. ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1 ಲಕ್ಷ ಲಕ್ಸ್ ಇದ್ದರೆ, ರಾತ್ರಿ ಮನೆಯೊಳಗಿನ ದೀಪದ ಬೆಳಕು 100 ಲಕ್ಸ್ ಆಸುಪಾಸಿನಲ್ಲಿರುತ್ತದೆ. ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾಗಳೂ ಹೆಚ್ಚುಕಡಿಮೆ ಉತ್ತಮ ಚಿತ್ರವನ್ನೇ ನೀಡುತ್ತವೆ. ಪ್ರಖರ ದೀಪಗಳಿರುವ ಮಳಿಗೆಯಲ್ಲಿ ನಡೆಸುವ ಪ್ರಾತ್ಯಕ್ಷಿಕೆಯಿಂದಲೂ ನೈಜ ಸಾಮರ್ಥ್ಯ ತಿಳಿಯುವುದಿಲ್ಲ.

ಬೆಳಕನ್ನು ಗ್ರಹಿಸುವ ಸಂವೇದಕವು ದೊಡ್ಡದಿದ್ದಷ್ಟೂ ಮಂದ ಬೆಳಕಿನ ಚಿತ್ರ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ಇದರ ಅಳತೆಯನ್ನು ಇಂಚಿನ ಭಿನ್ನರಾಶಿಯಲ್ಲಿ ನೀಡುವುದರಿಂದ, 1/3 ಇಂಚಿನ ಸಂವೇದಕವು 1/6 ಇಂಚಿನದಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಬೇಕು. ತಯಾರಕರು ನಮೂದಿಸುವ ಕನಿಷ್ಠ ಲಕ್ಸ್ ಪ್ರಮಾಣವನ್ನು ಒಂದೇ ವಿಧಾನದಲ್ಲಿ ಅಳೆದಿರುವುದಿಲ್ಲವಾದ್ದರಿಂದ, ಅದರ ಆಧಾರದ ಮೇಲೆ ಎರಡು ಕಂಪನಿಗಳ ಮಾದರಿಗಳನ್ನು ಹೋಲಿಸುವುದು ಸರಿಯಲ್ಲ.

ಪರೀಕ್ಷೆಯ ವಿಧಾನ: ಮಳಿಗೆಯ ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಒಬ್ಬರನ್ನು ನಿಲ್ಲಿಸಿ ಒಂದು ನಿಮಿಷ ಚಿತ್ರೀಕರಿಸಬೇಕು. ಅದನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡದೆ, ಎಚ್‌ಡಿಎಂಐ ಕೇಬಲ್ ಮೂಲಕ ದೊಡ್ಡ ಟಿ.ವಿ.ಯಲ್ಲಿ ವೀಕ್ಷಿಸಬೇಕು. ಮುಖದ ಬಣ್ಣ ಸಹಜವಾಗಿದೆಯೇ, ಕಪ್ಪು ಭಾಗಗಳಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು ಕಾಣುತ್ತಿವೆಯೇ, ಫೋಕಸ್ ಪದೇ ಪದೇ ತಪ್ಪುತ್ತಿದೆಯೇ ಎಂಬುದನ್ನು ಪರಿಶೀಲಿಸಬೇಕು.

3. ಲೆನ್ಸ್, ಜೂಮ್ ಮತ್ತು ಸ್ಥಿರತೆ

ಆಪ್ಟಿಕಲ್ ಜೂಮ್‌ನಲ್ಲಿ ಲೆನ್ಸ್‌ನ ಚಲನೆಯಿಂದ ದೃಶ್ಯವು ಹತ್ತಿರವಾಗುತ್ತದೆ. ಡಿಜಿಟಲ್ ಜೂಮ್‌ನಲ್ಲಿ ಚಿತ್ರದ ಒಂದು ಭಾಗವನ್ನು ಹಿಗ್ಗಿಸಲಾಗುವುದರಿಂದ ಸ್ಪಷ್ಟತೆ ಕುಂದುತ್ತದೆ. ಹೋಲಿಕೆಗೆ ಆಪ್ಟಿಕಲ್ ಜೂಮ್ ಪ್ರಮಾಣವನ್ನು ಮಾತ್ರ ಪರಿಗಣಿಸಬೇಕು.

ಜೂಮ್‌ನಷ್ಟೇ ಮುಖ್ಯವಾದುದು ಲೆನ್ಸ್ ಎಷ್ಟು ಅಗಲದ ದೃಶ್ಯವನ್ನು ಹಿಡಿಯಬಲ್ಲದು ಎಂಬುದು. 35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಸಮಾನವಾಗಿ ಹೇಳುವಾಗ ಈ ಆರಂಭಿಕ ಸಂಖ್ಯೆಯು 28 ರಿಂದ 30 ಮಿ.ಮೀ. ಇದ್ದರೆ ಚಿಕ್ಕ ಕೋಣೆಯಲ್ಲಿಯೂ ಕುಟುಂಬದ ಸದಸ್ಯರೆಲ್ಲರನ್ನೂ ಸೆರೆಹಿಡಿಯಬಹುದು. ಅದು 40 ಮಿ.ಮೀ.ಗಿಂತ ಹೆಚ್ಚಿದ್ದರೆ ಹಿಂದಕ್ಕೆ ಸರಿಯಲು ಸ್ಥಳ ಬೇಕಾಗುತ್ತದೆ.

ಹಗುರವಾದ ಕ್ಯಾಮೆರಾ ಕೈಯಲ್ಲಿ ಹೆಚ್ಚು ಅಲುಗುತ್ತದೆ. ಲೆನ್ಸ್ ಅಥವಾ ಸಂವೇದಕದ ಚಲನೆಯಿಂದ ಅಲುಗಾಟವನ್ನು ಸರಿದೂಗಿಸುವ ಆಪ್ಟಿಕಲ್ ವ್ಯವಸ್ಥೆ ಇದೆಯೇ ಎಂದು ವಿಚಾರಿಸಬೇಕು. ಪೂರ್ಣ ಜೂಮ್‌ನಲ್ಲಿ ನಿಂತು ಹಾಗೂ ಜೂಮ್ ಇಲ್ಲದೆ ನಡೆಯುತ್ತಾ ಚಿತ್ರೀಕರಿಸಿ ನೋಡಬೇಕು. ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ವೇಗವಾಗಿ ತಿರುಗಿಸಿದಾಗ ನೇರವಾದ ಕಂಬಗಳು ವಾಲಿದಂತೆ ಕಂಡರೆ, ನೃತ್ಯ ಮತ್ತು ಕ್ರೀಡೆಗಳ ಚಿತ್ರೀಕರಣದಲ್ಲಿಯೂ ಈ ನ್ಯೂನತೆ ಕಾಣಿಸಿಕೊಳ್ಳುತ್ತದೆ.

4. ವಿದೇಶದಿಂದ ತರಿಸುವ ಕ್ಯಾಮೆರಾಗಳು

ಅಮೆರಿಕದಲ್ಲಿರುವ ಬಂಧುಗಳ ಮೂಲಕ ಕ್ಯಾಮೆರಾ ತರಿಸುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಭಾರತದ ವಿದ್ಯುತ್ 50 ಹರ್ಟ್ಸ್‌ನದಾಗಿದ್ದು, ಇಲ್ಲಿನ ಟ್ಯೂಬ್‌ಲೈಟ್‌ನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಅಮೆರಿಕದ ಮಾದರಿಗಳು ಸೆಕೆಂಡಿಗೆ 30 ಅಥವಾ 60 ಚಿತ್ರಗಳಂತೆ ದಾಖಲಿಸುವುದರಿಂದ, ಇಲ್ಲಿನ ದೀಪಗಳ ಕೆಳಗೆ ಚಿತ್ರವು ಮಿನುಗುವ ಸಂಭವವಿದೆ. 25 ಅಥವಾ 50 ಚಿತ್ರಗಳ ಪದ್ಧತಿಗೆ ಬದಲಾಯಿಸುವ ಸೌಲಭ್ಯ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಗ್ಯಾರಂಟಿಯು ಭಾರತದಲ್ಲಿ ಅನ್ವಯಿಸುವುದೇ ಎಂಬುದನ್ನೂ ಗ್ಯಾರಂಟಿ ಪತ್ರದಲ್ಲಿ ಓದಿ ತಿಳಿಯಬೇಕು.

5. ಧ್ವನಿ ಮತ್ತು ಬ್ಯಾಟರಿ

ಹಲವು ಚಿಕ್ಕ ಮಾದರಿಗಳಲ್ಲಿ ಹೊರಗಿನ ಮೈಕ್ ಮತ್ತು ಹೆಡ್‌ಫೋನ್ ಜೋಡಿಸಲು ಕಿಂಡಿ ಇರುವುದಿಲ್ಲ. ಭಾಷಣ, ಸಂಗೀತ ಅಥವಾ ಹಿರಿಯರ ಸಂದರ್ಶನ ದಾಖಲಿಸುವ ಉದ್ದೇಶವಿದ್ದಲ್ಲಿ ಇವೆರಡೂ ಅವಶ್ಯ. ಜೂಮ್ ಮಾಡುವಾಗ ಮೋಟಾರಿನ ಸದ್ದು ದಾಖಲಾಗುತ್ತದೆಯೇ ಎಂಬುದನ್ನೂ ಆಲಿಸಬೇಕು.

ಕರಪತ್ರದಲ್ಲಿ ನೀಡುವ ಬ್ಯಾಟರಿ ಅವಧಿಯು ಸಾಮಾನ್ಯವಾಗಿ ನಿರಂತರ ಚಿತ್ರೀಕರಣದ್ದು. ಆಗಾಗ ನಿಲ್ಲಿಸಿ, ಜೂಮ್ ಮಾಡಿ ಬಳಸುವಾಗ ಅದರ ಅರ್ಧದಷ್ಟು ಅವಧಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಬ್ಯಾಟರಿಯನ್ನು ಹೊರತೆಗೆದು ಬದಲಾಯಿಸಲು ಸಾಧ್ಯವೇ, ಹೆಚ್ಚುವರಿ ಬ್ಯಾಟರಿ ದೊರೆಯುವುದೇ ಎಂದು ವಿಚಾರಿಸಬೇಕು. ಲೀಥಿಯಂ ಬ್ಯಾಟರಿ ಮತ್ತು ಅಡಾಪ್ಟರ್‌ಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ ನೋಂದಣಿ ಸಂಖ್ಯೆ ಇರುವುದನ್ನು ಗಮನಿಸಬೇಕು.

6. ಮೆಮೊರಿ ಕಾರ್ಡ್ ಮತ್ತು ಸಂಗ್ರಹಣೆ

ಸೆಕೆಂಡಿಗೆ 24 ಮೆಗಾಬಿಟ್ ದರದ ಹೈ ಡೆಫಿನಿಷನ್ ಚಿತ್ರೀಕರಣಕ್ಕೆ ಗಂಟೆಗೆ ಸುಮಾರು 10.8 ಜಿ.ಬಿ. ಸ್ಥಳ ಬೇಕು, 32 ಜಿ.ಬಿ. ಕಾರ್ಡ್ 3 ಗಂಟೆಗಿಂತ ಸ್ವಲ್ಪ ಕಡಿಮೆ ಅವಧಿಗೆ ಸಾಕಾಗುತ್ತದೆ. 4ಕೆ ಮಾದರಿಗಳಲ್ಲಿ ದರವು 100 ಮೆಗಾಬಿಟ್ ಆಗಿದ್ದರೆ ಗಂಟೆಗೆ 45 ಜಿ.ಬಿ. ಬೇಕಾಗುತ್ತದೆ. ಕಾರ್ಡಿನ ವೇಗವೂ ಇದಕ್ಕೆ ತಕ್ಕಂತಿರಬೇಕು. ಕ್ಲಾಸ್ 10 ಗುರುತಿನ ಕಾರ್ಡ್ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್, ವಿ30 ಗುರುತಿನದು ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲದು. ಮೊದಲನೆಯ ದರಕ್ಕೆ 3 ಮೆಗಾಬೈಟ್, ಎರಡನೆಯದಕ್ಕೆ 12.5 ಮೆಗಾಬೈಟ್ ವೇಗ ಬೇಕಾಗುತ್ತದೆ.

ನಕಲಿ ಕಾರ್ಡ್‌ಗಳು ಇಲ್ಲದ ಸಾಮರ್ಥ್ಯವನ್ನು ತೋರಿಸುತ್ತವೆ. ನೈಜ ಮಿತಿ ಮೀರಿದ ನಂತರ ದಾಖಲಾದ ಚಿತ್ರಗಳು ಉಳಿಯುವುದಿಲ್ಲ. ಸಮಾರಂಭಕ್ಕೆ ಮುಂಚೆಯೇ ಕಾರ್ಡನ್ನು ಪೂರ್ಣವಾಗಿ ತುಂಬಿಸಿ, ಮರಳಿ ನೋಡಿ ಖಚಿತಪಡಿಸಿಕೊಳ್ಳಬೇಕು. ಚಿತ್ರೀಕರಣದ ನಂತರ ಎರಡು ಪ್ರತ್ಯೇಕ ಸ್ಥಳಗಳಲ್ಲಿ ಪ್ರತಿ ಇರಿಸಬೇಕು.

7. ಬಳಸಿದ ಕ್ಯಾಮೆರಾ ಕೊಳ್ಳುವಾಗ

2003 ರಲ್ಲಿ ಪ್ರಕಟವಾದ ಎಚ್‌ಡಿವಿ ಪದ್ಧತಿಯ ಕ್ಯಾಮೆರಾಗಳು ಟೇಪ್ ಬಳಸುತ್ತವೆ. ಅವುಗಳಿಂದ ಕಂಪ್ಯೂಟರಿಗೆ ಚಿತ್ರ ವರ್ಗಾಯಿಸಲು ಬೇಕಾದ ಫೈರ್‌ವೈರ್ ಕಿಂಡಿ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. 2006 ರಲ್ಲಿ ಪ್ರಕಟವಾದ ಎವಿಸಿಎಚ್‌ಡಿ ಪದ್ಧತಿಯಲ್ಲಿ ಕಾರ್ಡ್, ಹಾರ್ಡ್‌ಡಿಸ್ಕ್ ಅಥವಾ ಚಿಕ್ಕ ಡಿ.ವಿ.ಡಿ. ಬಳಕೆಯಲ್ಲಿದ್ದವು, ಕಾರ್ಡ್ ಬಳಸುವ ಮಾದರಿ ಇಂದಿಗೆ ಅನುಕೂಲಕರ. ಕರಾವಳಿ ಮತ್ತು ಮಲೆನಾಡಿನ ತೇವಾಂಶದಲ್ಲಿ ಲೆನ್ಸ್ ಒಳಗೆ ಬೂಷ್ಟು ಬೆಳೆಯುವುದುಂಟು. ಲೆನ್ಸ್‌ಗೆ ಓರೆಯಾಗಿ ಟಾರ್ಚ್ ಬೆಳಕು ಹಾಯಿಸಿ, ಜೇಡರ ಬಲೆಯಂತಹ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು.

8. ಗ್ರಾಹಕರ ಹಕ್ಕುಗಳು

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳನ್ನೊಳಗೊಂಡ ಗರಿಷ್ಠ ಮಾರಾಟ ಬೆಲೆ ಹಾಗೂ ದೂರು ಸಲ್ಲಿಸಬೇಕಾದವರ ವಿವರ ಇರತಕ್ಕದ್ದು. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚಿನ ಹಣ ಪಡೆಯುವಂತಿಲ್ಲ. ಕ್ಯಾಮೆರಾದ ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನು ಹಾಗೂ ಮೊಹರು ಹಾಕಿದ ಗ್ಯಾರಂಟಿ ಪತ್ರವನ್ನು ಕಡ್ಡಾಯವಾಗಿ ಪಡೆದುಕೊಳ್ಳಬೇಕು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರ ಪ್ರಕಾರ ರಸೀದಿ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ರಸೀದಿಯಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ದೋಷಯುಕ್ತ ವಸ್ತುವನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅಂತಹುದೇ ಆಗಿದೆ. ಆದ್ದರಿಂದ ಮೇಲ್ಕಂಡ ಎಲ್ಲ ಪರೀಕ್ಷೆಗಳನ್ನು ಈ ಅವಧಿಯೊಳಗೆ ಮನೆಯಲ್ಲಿಯೂ ಪುನಃ ನಡೆಸುವುದು ಒಳಿತು.

ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ಈ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕ್ಯಾಮೆರಾ ಕೊಂಡು ಸ್ವತಃ ಬಳಸುವ ವ್ಯಕ್ತಿಯು ಗ್ರಾಹಕನೇ ಆಗಿರುತ್ತಾನೆ.

ಮಾರಾಟಗಾರರಿಂದ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು. ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ದೂರು ದಾಖಲಿಸಬಹುದು. ದೂರಿನೊಂದಿಗೆ ರಸೀದಿ, ಗ್ಯಾರಂಟಿ ಪತ್ರ, ದುರಸ್ತಿ ಕೇಂದ್ರ ನೀಡಿದ ಚೀಟಿಗಳು ಹಾಗೂ ದೋಷವನ್ನು ತೋರಿಸುವ ಚಿತ್ರೀಕರಣದ ಪ್ರತಿಯನ್ನು ಲಗತ್ತಿಸಬೇಕು.