ತಲಕಾಡಿನ ಮರಳು ಕೇಳುವ ಪ್ರಶ್ನೆ

ಮರುಭೂಮಿ ಎಂದ ಕೂಡಲೇ ನಮ್ಮ ಕ್ರೈಸ್ತ ಮನೆಗಳಲ್ಲಿ ಮೊದಲು ನೆನಪಾಗುವುದು ಸೀನಾಯಿ. ಇಸ್ರಯೇಲರು 40 ವರ್ಷ ಅಲೆದ ಬೆಂಗಾಡು, ಮೋಶೆ ಕಂಡ ಉರಿಯುವ ಪೊದೆ, ಪ್ರಭು ಯೇಸು 40 ದಿನ ಉಪವಾಸವಿದ್ದ ನಿರ್ಜನ ಪ್ರದೇಶ, ಇವೆಲ್ಲ ತಪಸ್ಸುಕಾಲದ ವಾಚನಗಳಲ್ಲಿ ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತವೆ. ಆ ಸ್ಥಳಗಳನ್ನು ಕಣ್ಣಾರೆ ಕಂಡು ಬರೆದಿಟ್ಟ ಪ್ರಾಚೀನ ಯಾತ್ರಿಕರಲ್ಲಿ ಎಗೇರಿಯ ಎಂಬ ಮಹಿಳೆಯೂ ಒಬ್ಬಳು. ಕ್ರಿ.ಶ. 381ರಿಂದ 384ರ ಅವಧಿಯಲ್ಲಿ ಆಕೆ ಯೂರೋಪಿನ ಪಶ್ಚಿಮ ಭಾಗದಿಂದ, ಬಹುಶಃ ಇಂದಿನ ಸ್ಪೇನ್ ದೇಶದಿಂದ, ಪವಿತ್ರ ನಾಡಿಗೆ ಬಂದಳು. ಕಂಡದ್ದನ್ನೆಲ್ಲ ಊರಿನಲ್ಲಿದ್ದ ತನ್ನ ಸಹೋದರಿಯರಿಗಾಗಿ ಬರೆದಳು. ಆ ಬರಹದ ಒಂದು ಹಳೆಯ ಪ್ರತಿ 1884ರಲ್ಲಿ ಇಟಲಿಯ ಅರೆಝೋ ಪಟ್ಟಣದಲ್ಲಿ ಸಿಕ್ಕಿತು.

ಎಗೇರಿಯ ಶನಿವಾರ ಸಂಜೆ ಸೀನಾಯಿಯ ಬುಡ ತಲುಪಿ, ಭಾನುವಾರ ಬೆಳಗ್ಗೆ ಕಾಲ್ನಡಿಗೆಯಲ್ಲೇ ಬೆಟ್ಟ ಹತ್ತಿದಳು. ತುದಿಯಲ್ಲಿ ಒಂದು ಪುಟ್ಟ ದೇವಾಲಯವಿತ್ತು. ಅಲ್ಲಿ ಮೋಶೆಯ ಗ್ರಂಥದಿಂದ ಆ ಸ್ಥಳದ ಭಾಗವನ್ನೇ ಓದಿಸಿ, ಬಲಿಪೂಜೆಯಲ್ಲಿ ಭಾಗವಹಿಸಿದಳು. ಅಲ್ಲಿನ ಸನ್ಯಾಸಿಗಳು ತಾವು ಬೆಳೆದ ಹಣ್ಣುಗಳನ್ನು ಕೊಟ್ಟು ಕಳುಹಿಸಿದರು. ಆಕೆಯ ಯಾತ್ರೆಯ ರೀತಿ ಬಲು ಸರಳ. ಪ್ರತಿ ಸ್ಥಳದಲ್ಲೂ ನಿಲ್ಲುವುದು, ಇಲ್ಲಿ ಏನು ನಡೆಯಿತು ಎಂದು ಕೇಳುವುದು, ಅದನ್ನು ಓದಿಸಿ ಕೇಳುವುದು, ಪ್ರಾರ್ಥಿಸಿ ಮುಂದಕ್ಕೆ ಸಾಗುವುದು.

ಸೀನಾಯಿಗೆ ಹೋಗಿ ಬರುವ ಅನುಕೂಲ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ‘ಇಲ್ಲಿ ಏನು ನಡೆಯಿತು’ ಎಂದು ಕೇಳಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ನಾಡಿನಲ್ಲೇ ಮರಳು ನುಂಗಿದ ಒಂದು ಪುಣ್ಯಸ್ಥಳವಿದೆ. ಅದೇ ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು.

ಹೆಬ್ಬಾಳದ ಕಲ್ಲು, ತಲಕಾಡಿನ ಅರಸರು

ಸಂಜಯನಗರದಲ್ಲಿರುವ ನಮಗೆ ತಲಕಾಡು ಅಪರಿಚಿತ ಊರೇನಲ್ಲ. 2018ರಲ್ಲಿ ನಮ್ಮ ನೆರೆಯ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಸುಮಾರು ಕ್ರಿ.ಶ. 750ರ ಆ ಶಾಸನ, ಗಂಗರ ಅರಸ ಶ್ರೀಪುರುಷನ ಕಾಲದಲ್ಲಿ ಊರನ್ನು ಕಾಯಲು ಹೋರಾಡಿ ಮಡಿದ ಕಿತ್ತಯ್ಯ ಎಂಬ ವೀರನನ್ನು ನೆನೆಯುತ್ತದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ಇಂದು ನಾವು ಬಸ್ಸು ಕಾಯುತ್ತ ನಿಲ್ಲುವ ನೆಲ ಅಂದು ಗಂಗರ ನಾಡಾಗಿತ್ತು. ಆ ಗಂಗರು ಮೊದಲು ಕೋಲಾರದಿಂದ ಆಳಿ, ಅನಂತರ ಬಹುಕಾಲ ಕಾವೇರಿ ದಡದ ತಲಕಾಡನ್ನು ರಾಜಧಾನಿ ಮಾಡಿಕೊಂಡಿದ್ದರು. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನೂ ಗಂಗರ ಮಂತ್ರಿಯೇ.

11ನೇ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರ ಎಂದು ಹೆಸರಿಟ್ಟರು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ಸೇನೆ ಚೋಳರನ್ನು ಸೋಲಿಸಿತು. ಆತ ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿ, 1117ರಲ್ಲಿ ಕೀರ್ತಿನಾರಾಯಣ ದೇವಸ್ಥಾನವನ್ನು ಕಟ್ಟಿಸಿದ. ಹೀಗೆ ಗಂಗರು, ಚೋಳರು, ಹೊಯ್ಸಳರು, ಆಮೇಲೆ ವಿಜಯನಗರದವರು, ಮೈಸೂರು ಒಡೆಯರು ಒಬ್ಬರಾದ ಮೇಲೊಬ್ಬರು ಈ ಊರಿನ ಒಡೆತನ ಪಡೆದರು. ಕೊನೆಗೆ ಅದರ ಒಡೆತನ ಪಡೆದದ್ದು ಮರಳು.

ಹೊಳೆಯ ಪಕ್ಕದ ಮರಳುಗಾಡು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾರಿಯಾಗಿ ಹೋದರೆ ತಲಕಾಡು ಸುಮಾರು 130 ಕಿ.ಮೀ. ದಾರಿಯ ಕೊನೆಯ ಭಾಗದಲ್ಲಿ ಎತ್ತ ನೋಡಿದರೂ ಭತ್ತದ ಗದ್ದೆ, ಕಬ್ಬು, ತೆಂಗು. ಇಂಥ ಹಸಿರಿನ ನಡುವೆ ಮರಳುಗಾಡು ಇರಬಹುದೆಂದು ಯಾರಿಗೂ ಅನಿಸುವುದಿಲ್ಲ. ಊರು ದಾಟಿ ದೇವಸ್ಥಾನಗಳ ಕಡೆಗೆ ನಡೆದರೆ ಕಾಲು ಹೂತುಹೋಗುವ ಮರಳು ದಿಬ್ಬಗಳು ಎದುರಾಗುತ್ತವೆ. ಬೇಸಿಗೆಯ ಮಧ್ಯಾಹ್ನ ಬರಿಗಾಲಿನಲ್ಲಿ ನಡೆಯುವವರಿಗೆ ಆ ಮರಳಿನ ಬಿಸಿ ಚೆನ್ನಾಗಿ ಗೊತ್ತು. ದಿಬ್ಬ ಇಳಿದರೆ ಎದುರಿಗೇ ಕಾವೇರಿ ಹರಿಯುತ್ತಿರುತ್ತಾಳೆ. ಮಳೆ ಬೀಳದೆ ಹುಟ್ಟಿದ ಮರುಭೂಮಿ ಇದಲ್ಲ. ತುಂಬಿದ ಹೊಳೆಯ ಮಗ್ಗುಲಲ್ಲೇ ಹುಟ್ಟಿಕೊಂಡ ಮರಳುಗಾಡು. ಇದೇ ಇಲ್ಲಿನ ಪ್ರಕೃತಿ ವಿಸ್ಮಯ.

ವೈದ್ಯೇಶ್ವರ ದೇವಸ್ಥಾನ ನೆಲದ ಮೇಲೆಯೇ ಕಾಣುತ್ತದೆ. ಪಾತಾಳೇಶ್ವರ, ಮರುಳೇಶ್ವರ ಗುಡಿಗಳಿಗೆ ಮೆಟ್ಟಿಲು ಇಳಿದು ಹೋಗಬೇಕು. ಒಂದು ಕಾಲಕ್ಕೆ ನೆಲದ ಮಟ್ಟದಲ್ಲಿದ್ದ ಬಾಗಿಲು ಈಗ ಹಳ್ಳದಲ್ಲಿದೆ. ಕೀರ್ತಿನಾರಾಯಣ ಗುಡಿಯನ್ನು ಪುರಾತತ್ವ ಇಲಾಖೆಯವರು ಮರಳಿನಿಂದ ಬಿಡಿಸಿ ಜೀರ್ಣೋದ್ಧಾರ ಮಾಡಿದ್ದಾರೆ. ಈ ಮೂರು ಶಿವಾಲಯಗಳ ಜೊತೆಗೆ ಅರ್ಕೇಶ್ವರ ಮತ್ತು ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ ಸೇರಿ ಪಂಚಲಿಂಗ ಎನಿಸುತ್ತವೆ. ಕಾರ್ತಿಕ ಮಾಸದಲ್ಲಿ ಅಪರೂಪದ ಯೋಗ ಕೂಡಿಬಂದಾಗ ಪಂಚಲಿಂಗ ದರ್ಶನ ನಡೆಯುತ್ತದೆ. 2009, 2013 ಮತ್ತು 2020ರಲ್ಲಿ ಅದು ನಡೆಯಿತು. ಅನ್ಯಧರ್ಮದ ಪುಣ್ಯಸ್ಥಳಕ್ಕೆ ಹೋದಾಗ ನಾವು ಅತಿಥಿಗಳು. ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಭಕ್ತರಿಗೆ ದಾರಿ ಕೊಟ್ಟು ನಡೆಯುವುದು ನಮ್ಮ ಕರ್ತವ್ಯ. ಉರಿಯುವ ಪೊದೆಯ ಮುಂದೆ ಮೋಶೆಯೂ ಪಾದರಕ್ಷೆ ಕಳಚಿ ನಿಂತವನೇ ಅಲ್ಲವೇ?

ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ಕಾಲದಲ್ಲಿ, ಅಂದರೆ 19ನೇ ಶತಮಾನದಲ್ಲಿ, ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು. ಮರಳು ವರ್ಷಕ್ಕೆ 9-10 ಅಡಿಯಂತೆ ಊರಿನ ಮೇಲೆ ಏರಿ ಬರುತ್ತಿತ್ತು ಎಂದು ಆಗಿನ ಗೆಜೆಟಿಯರ್‌ಗಳು ದಾಖಲಿಸಿವೆ. ಮುಂಗಾರಿನ ಗಾಳಿ ಬೀಸುವಾಗಲೇ ಅದರ ಹಾವಳಿ ಹೆಚ್ಚು. ಮೂವತ್ತಕ್ಕೂ ಹೆಚ್ಚು ದೇವಸ್ಥಾನಗಳು ಮರಳಿನಡಿ ಇವೆ ಎಂಬುದು ಆಗಿನ ಜನರ ಮಾತು. ಜನ ಮನೆ ಬಿಟ್ಟು ಹಿಂದೆ ಸರಿದು ಹೊಸ ಮನೆ ಕಟ್ಟಿಕೊಳ್ಳುವುದು, ಮರಳು ಬಂದಾಗ ಅದನ್ನೂ ಬಿಡುವುದು, ಹೀಗೇ ನಡೆದಿತ್ತು. ಗುಡಿಗಳ ಇತಿಹಾಸವನ್ನು ಎಲ್ಲರೂ ಹೇಳುತ್ತಾರೆ. ಮರಳಿನಲ್ಲಿ ಒಲೆ, ಕೊಟ್ಟಿಗೆ, ಬಾವಿ ಕಳೆದುಕೊಂಡ ಆ ಸಂಸಾರಗಳ ಹೆಸರು ಮಾತ್ರ ಯಾವ ಕಲ್ಲಿನಲ್ಲೂ ಇಲ್ಲ.

ಒಬ್ಬ ಹೆಣ್ಣಿನ ಶಾಪ

ಇಲ್ಲಿ ಏನು ನಡೆಯಿತು ಎಂದು ತಲಕಾಡಿನಲ್ಲಿ ಯಾರನ್ನು ಕೇಳಿದರೂ ಅಲಮೇಲಮ್ಮನ ಕಥೆ ಹೇಳುತ್ತಾರೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ಅರಸನ ಹೆಂಡತಿ ಆಕೆ. ಗಂಡನಿಗೆ ವಾಸಿಯಾಗದ ಕಾಯಿಲೆ. ವೈದ್ಯೇಶ್ವರನ ಮೊರೆ ಹೋಗಲು ಅವನು ತಲಕಾಡಿಗೆ ಬಂದ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಗಂಡ ತೀರಿಕೊಂಡ ಮೇಲೆ ಆಕೆಯ ಬಳಿ ಇದ್ದ ಒಡವೆಗಳಿಗಾಗಿ ಸೈನಿಕರು ಬೆನ್ನಟ್ಟಿದರು. ದಿಕ್ಕು ಕಾಣದ ಅಲಮೇಲಮ್ಮ ಒಡವೆಗಳೊಂದಿಗೆ ಕಾವೇರಿಗೆ ಹಾರಿಕೊಂಡಳು. ಹಾರುವ ಮುನ್ನ, ತಲಕಾಡು ಮರಳಾಗಲಿ, ಎದುರಿನ ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಸಂತಾನ ಇಲ್ಲದಂತಾಗಲಿ ಎಂದು ಶಪಿಸಿದಳಂತೆ. ಪಶ್ಚಾತ್ತಾಪಗೊಂಡ ರಾಜಮನೆತನದವರು ಆಕೆಯ ವಿಗ್ರಹ ಮಾಡಿಸಿ ಅರಮನೆಯಲ್ಲಿ ಪೂಜಿಸುತ್ತ ಬಂದರು.

ಕ್ರೈಸ್ತರಾದ ನಾವು ಶಾಪಕ್ಕೆ ಹೆದರಬೇಕಾಗಿಲ್ಲ. ಹಾಗೆಂದು ಈ ಕಥೆಯನ್ನು ತಳ್ಳಿಹಾಕುವುದೂ ಸರಿಯಲ್ಲ. ಬೈಬಲಿನಲ್ಲಿ ಅಹಾಬ ರಾಜನಿಗೆ ನಾಬೋತನ ದ್ರಾಕ್ಷಿತೋಟ ಬೇಕಾಗಿತ್ತು. ನಾಬೋತ ಪ್ರಾಣ ಕಳೆದುಕೊಂಡ, ತೋಟ ರಾಜನದಾಯಿತು. ಆಗ ಎಲೀಯ ಪ್ರವಾದಿ ಅರಸನ ಎದುರು ನಿಂತು ಆ ಅನ್ಯಾಯವನ್ನು ಹೆಸರಿಟ್ಟು ಹೇಳಿದ. ಅಲಮೇಲಮ್ಮನ ಪರವಾಗಿ ಹಾಗೆ ನಿಂತವರು ಜನಸಾಮಾನ್ಯರು. ಗೆದ್ದ ಅರಸರು ತಮ್ಮ ಗೆಲುವನ್ನು ಬರೆಸಿಕೊಂಡರು. ಹಳ್ಳಿಯ ಜನ ಸೋತ ಹೆಣ್ಣಿನ ಅಳಲನ್ನು ನಾಲ್ಕು ನೂರು ವರ್ಷ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದರು. ಇದು ಸಣ್ಣ ಕೆಲಸವಲ್ಲ.

ಕಟ್ಟೆ, ಹೊಳೆ, ಗಾಳಿ

ಇದೇ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ನಮ್ಮ ಹೆಬ್ಬಾಳದ ಆಚೆ ಇರುವ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ, ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ತಲಕಾಡಿನದು ಶಾಪವಲ್ಲ, ಪರಿಸರದ ಅನಾಹುತ ಎಂದು ವಾದಿಸಿದ್ದಾರೆ. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ, ತಲಕಾಡಿನ ಮೇಲ್ಭಾಗದಲ್ಲಿ ಮಾಧವಮಂತ್ರಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದ. ಅಲಮೇಲಮ್ಮನ ಕಾಲಕ್ಕಿಂತ ಇನ್ನೂರು ವರ್ಷಕ್ಕೂ ಹಿಂದಿನ ಮಾತು ಇದು. ತಲಕಾಡಿನ ಬಳಿ ಹೊಳೆ ತೀವ್ರವಾಗಿ ತಿರುಗುತ್ತದೆ. ಇಂಥ ತಿರುವಿನಲ್ಲಿ ಮರಳು ಶೇಖರವಾಗುವುದು ಸಹಜ. ಕಟ್ಟೆಯಿಂದ ನೀರಿನ ಹರಿವು ತಗ್ಗಿದಾಗ ಆ ಮರಳು ಬಯಲಾಗಿ ಒಣಗಿತು. ನೈಋತ್ಯದಿಂದ ಬೀಸುವ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯಿತು.

ಆದರೆ ಆ ಕಟ್ಟೆಯನ್ನು ಯಾರೂ ಕೆಡುಕಿಗಾಗಿ ಕಟ್ಟಿಸಲಿಲ್ಲ. ಅದರ ನಾಲೆಯ ನೀರಿನಿಂದಲೇ ಸುತ್ತಲಿನ ಗದ್ದೆಗಳು ಹಸಿರಾದವು. ಮರಳಿನ ಕಾಟದ ನಡುವೆಯೂ ತಲಕಾಡಿನಲ್ಲಿ ಜನ ಉಳಿದು ಬೆಳೆದದ್ದು ಆ ನಾಲೆಯ ಬೇಸಾಯದಿಂದ ಎಂದು ಹಳೆಯ ಗೆಜೆಟಿಯರ್‌ಗಳೇ ಹೇಳುತ್ತವೆ. ಒಂದೇ ಕಟ್ಟೆ ಗದ್ದೆಗೆ ನೀರನ್ನೂ ಊರಿಗೆ ಮರಳನ್ನೂ ಕೊಟ್ಟಿತು. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಮನೆ ತೆತ್ತರು. ಶಾಪದ ಕಥೆಯಲ್ಲಿ ತಪ್ಪು ಅರಸನದು ಎಂದು ಹೇಳಿ ನಾವು ಹಗುರಾಗಬಹುದು. ಕಟ್ಟೆಯ ಕಥೆಯಲ್ಲಿ ಹಾಗೆ ಬೊಟ್ಟು ಮಾಡಿ ತೋರಿಸಲು ಯಾರೂ ಸಿಗುವುದಿಲ್ಲ. ಆದ್ದರಿಂದಲೇ ಅದು ನಮ್ಮನ್ನು ಹೆಚ್ಚು ಕಾಡುತ್ತದೆ. ಮುಂದೆ ಅರಣ್ಯ ಇಲಾಖೆ ದಿಬ್ಬಗಳ ಮೇಲೆ ಮರಗಳನ್ನು ಬೆಳೆಸಿತು. ಬೇರುಗಳು ಹಿಡಿದಿಟ್ಟ ಕಡೆ ಮರಳಿನ ಓಟ ತಗ್ಗಿತು.

ನಮ್ಮ ನಲ್ಲಿಗೆ ಬರುವ ಹೊಳೆ

ತಲಕಾಡನ್ನು ಬಳಸಿ ಹರಿಯುವ ಕಾವೇರಿ ಮುಂದೆ ಶಿವನಸಮುದ್ರದ ಕಡೆಗೆ ಸಾಗುತ್ತಾಳೆ. ಜಲಪಾತಕ್ಕೆ ಮೊದಲೇ ಆ ನೀರಿನ ಒಂದು ಪಾಲು ಬೆಂಗಳೂರಿಗಾಗಿ ತಿರುಗುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ನಮ್ಮ ನಗರ ಸೇರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂದಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ಸಂಜಯನಗರದ ಮನೆಯೊಂದರಲ್ಲಿ ಬೆಳಗ್ಗೆ ಬಿಂದಿಗೆ ತುಂಬುವ ಕಾವೇರಿ ನೀರು ತಲಕಾಡಿನ ಮರಳನ್ನು ಮುಟ್ಟಿ ಬಂದ ನೀರು. ಅಂದರೆ, ಅಂದು ಕಟ್ಟೆಯ ಕೆಳಗಿನ ಗದ್ದೆಯವರು ಇದ್ದ ಸ್ಥಾನದಲ್ಲಿ ಇಂದು ನಾವಿದ್ದೇವೆ. ನೀರು ನಮಗೆ ಬರುತ್ತದೆ. ಅದರ ಬೆಲೆಯನ್ನು ಎಲ್ಲೋ ಯಾರೋ ತೆರುತ್ತಿರುತ್ತಾರೆ.

ಹಾಗೆಂದು ನೀರು ಕುಡಿಯದೆ ಇರಲಾಗದು. ಮಾಧವಮಂತ್ರಿಯ ಕಟ್ಟೆಯನ್ನು ಒಡೆಯಬೇಕೆಂದೂ ಯಾರೂ ಹೇಳುವುದಿಲ್ಲ. ನಾವು ಮಾಡಬಹುದಾದದ್ದು ಎಗೇರಿಯ ಮಾಡಿದ್ದು. ನಿಂತು, ಇಲ್ಲಿ ಏನು ನಡೆಯಿತು ಎಂದು ಕೇಳುವುದು. ಉಪವಾಸ ಮತ್ತು ದಾನದ ಕಾಲದಲ್ಲಿ ಒಂದು ಹೊತ್ತಿನ ಊಟ ಬಿಡುವವರು, ಒಂದು ಬಿಂದಿಗೆ ನೀರನ್ನು ಪೋಲು ಮಾಡದೆ ಉಳಿಸುವುದನ್ನೂ ವ್ರತವಾಗಿ ಹಿಡಿಯಬಹುದು. ಮನೆಯ ಛಾವಣಿಯ ಮಳೆನೀರನ್ನು ಹಿಡಿದಿಡಬಹುದು. ಮಕ್ಕಳನ್ನು ತಲಕಾಡಿಗೆ ಕರೆದೊಯ್ದಾಗ ಹರಿಗೋಲಿನಲ್ಲಿ ಕೂರಿಸಿ ಆಡಿಸುವುದರ ಜೊತೆಗೆ, ಅಲಮೇಲಮ್ಮನ ಕಥೆಯನ್ನೂ ಕಟ್ಟೆಯ ಕಥೆಯನ್ನೂ ಎರಡನ್ನೂ ಹೇಳಬಹುದು. ಮೊದಲನೆಯದು ನೊಂದವರ ದನಿಯನ್ನು ಮರೆಯಬೇಡಿ ಎನ್ನುತ್ತದೆ. ಎರಡನೆಯದು, ಒಳ್ಳೆಯದನ್ನೇ ಮಾಡುವಾಗಲೂ ನಮ್ಮ ಕೆಳಗಡೆ ಇರುವವರನ್ನು ನೆನೆಯಿರಿ ಎನ್ನುತ್ತದೆ. ಈ ಎರಡೂ ಮಾತು ಮಕ್ಕಳ ಮನಸ್ಸಿನಲ್ಲಿ ಉಳಿದರೆ ನಮ್ಮ ಯಾತ್ರೆ ಸಾರ್ಥಕ.