ಎರಡನೇ ಆಲ್ಬಮ್: ಮೆಟಾಲಿಕಾ, ಕೋಪನ್‌ಹೇಗನ್, 1984

ಭಾಗ 1

ಇವತ್ತು ನಮ್ಮದೇ ವಯಸ್ಸಿನ ಹುಡುಗರ ಕಥೆ. ಸ್ವಲ್ಪ ಉದ್ದ ಇದೆ, ಕ್ಯಾಂಟೀನ್‌ನಲ್ಲಿ ಕೂತು ಓದಿ.

ಫೆಬ್ರವರಿ 1984. ಡೆನ್ಮಾರ್ಕಿನ ಕೋಪನ್‌ಹೇಗನ್. ಸ್ವೀಟ್ ಸೈಲೆನ್ಸ್ ಅನ್ನೋ ಸ್ಟುಡಿಯೋದಲ್ಲಿ ಅಮೆರಿಕದಿಂದ ಬಂದ ನಾಲ್ಕು ಜನ ರಾತ್ರಿಯೆಲ್ಲ ರೆಕಾರ್ಡಿಂಗ್ ಮಾಡಿ, ಬೆಳಗಾದ್ಮೇಲೆ ಅಲ್ಲೇ ಮಲಗ್ತಿದ್ರು. ಹೋಟೆಲ್ ರೂಮಿಗೆ ದುಡ್ಡಿರಲಿಲ್ಲ, ಅಷ್ಟೇ ಕಾರಣ.

ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ಗೆ 20 ವರ್ಷ. ಡ್ರಮ್ಮರ್ ಲಾರ್ಸ್ ಉಲ್ರಿಕ್‌ಗೂ 20. ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ಗೆ 21. ಬೇಸ್ ನುಡಿಸೋ ಕ್ಲಿಫ್ ಬರ್ಟನ್ ಆಗಷ್ಟೇ 22 ತುಂಬಿಸಿದ್ದ, ಗ್ಯಾಂಗಿಗೆ ಅವನೇ ದೊಡ್ಡಣ್ಣ.

ಬ್ಯಾಂಡ್ ಮೆಟಾಲಿಕಾ. ಆಲ್ಬಮ್ 'ರೈಡ್ ದ ಲೈಟ್ನಿಂಗ್'. ಅವರ ಎರಡನೇದು.

ಭಾಗ 2

ಎರಡನೇದು ಯಾಕೆ ಕಷ್ಟ ಅಂತ ಯೋಚನೆ ಮಾಡಿ. ಮೊದಲನೇ ಆಲ್ಬಮ್‌ಗೆ ಹಾಡು ಕೂಡಿಡೋಕೆ ಇಡೀ ಜೀವನ ಇರುತ್ತೆ. ಎರಡನೇದಕ್ಕೆ ಸಿಗೋದು ಕೆಲವೇ ತಿಂಗಳು. ಮೇಲಿಂದ ಜನ ಕಾಯ್ತಾ ಇರ್ತಾರೆ.

ಇವರ ಮೊದಲನೇದು 'ಕಿಲ್ ಎಮ್ ಆಲ್', ಜುಲೈ 1983ರಲ್ಲಿ ಬಂತು. ಅದನ್ನ ಹೊರತಂದಿದ್ದು ಯಾವುದೋ ದೊಡ್ಡ ಕಂಪನಿ ಅಲ್ಲ. ನ್ಯೂಜೆರ್ಸಿಯ ಒಂದು ಸಂತೆಯಂಥ ಮಾರ್ಕೆಟ್‌ನಲ್ಲಿ ರೆಕಾರ್ಡ್ ಅಂಗಡಿ ಇಟ್ಕೊಂಡಿದ್ದ ಜಾನ್ ಜಜೂಲಾ, ಅವರ ಹೆಂಡತಿ ಮಾರ್ಷಾ. ಈ ಹುಡುಗರ ಡೆಮೋ ಕ್ಯಾಸೆಟ್ ಕೇಳಿ ಹುಚ್ಚಾದ್ರು. ಬೇರೆ ಯಾವ ಕಂಪನಿಯೂ ಮುಂದೆ ಬರದೇ ಇದ್ದಾಗ ತಾವೇ ಮೆಗಾಫೋರ್ಸ್ ಅಂತ ಒಂದು ಲೇಬಲ್ ಶುರು ಮಾಡಿದ್ರು.

ಆ ಆಲ್ಬಮ್ ಪೂರ್ತಿ ವೇಗ. ಉಸಿರು ತಗೊಳ್ಳೋಕೂ ಬಿಡಲ್ಲ. ಫ್ಯಾನ್ಸ್‌ಗೆ ಅದೇ ಬೇಕಿತ್ತು. ಮುಂದಿನದೂ ಹಂಗೇ ಇರುತ್ತೆ, ಇನ್ನೂ ಜೋರಾಗಿರುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು.

ಭಾಗ 3

ಆಮೇಲೆ ಬಂತು ಜನವರಿ 1984. ಬಾಸ್ಟನ್ ಊರಲ್ಲಿ ಬ್ಯಾಂಡ್‌ನ ಸಾಮಾನೆಲ್ಲ ಕಳ್ಳತನ ಆಯ್ತು. ಅದರಲ್ಲಿ ಜೇಮ್ಸ್‌ನ ಮಾರ್ಷಲ್ ಆಂಪ್ ಕೂಡ ಇತ್ತು. ಗಿಟಾರ್ ನುಡಿಸೋರಿಗೆ ಗೊತ್ತು, ಆಂಪ್ ಬರೀ ಪೆಟ್ಟಿಗೆ ಅಲ್ಲ. ಅವನ ಗಿಟಾರ್‌ನ ಆ ದನಿ ಹುಟ್ಟುತ್ತಿದ್ದದ್ದೇ ಅದರಲ್ಲಿ. ಹೊಸದು ತಗೊಂಡ್ರೂ ಅದೇ ಸೌಂಡ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಕೈಯಲ್ಲಿ ಕಾಸಿಲ್ಲ, ಮನೆಯಿಂದ ದೂರ, ಒಂದು ತಿಂಗಳಲ್ಲಿ ರೆಕಾರ್ಡಿಂಗ್. ಆ ಹೊತ್ತಿನ ನಿರಾಸೆಯಿಂದ ಬಂದ ಹಾಡು 'ಫೇಡ್ ಟು ಬ್ಲ್ಯಾಕ್'. ಬದುಕೋ ಆಸೆಯೇ ಕಳ್ಕೊಂಡ ಒಬ್ಬ ಮನುಷ್ಯ ಒಳಗೊಳಗೆ ಹೇಳ್ಕೊಳ್ಳೋ ಮಾತು ಅದು. ಮೆಟಲ್ ಬ್ಯಾಂಡ್‌ಗಳು ರಾಕ್ಷಸ, ಯುದ್ಧ, ಬೈಕು ಅಂತ ಹಾಡ್ತಿದ್ದ ಕಾಲದಲ್ಲಿ 20 ವರ್ಷದ ಹುಡುಗ 'ನನಗೆ ಆಗ್ತಿಲ್ಲ' ಅನ್ನೋದನ್ನ ಹಾಡು ಮಾಡಿದ.

ಭಾಗ 4

ಕೋಪನ್‌ಹೇಗನ್‌ಗೇ ಯಾಕೆ ಹೋದ್ರು? ಲಾರ್ಸ್ ಹುಟ್ಟಿದ್ದು ಡೆನ್ಮಾರ್ಕ್‌ನಲ್ಲಿ, ಅದೊಂದು. ಇನ್ನೊಂದು, ರೇನ್‌ಬೋ ಬ್ಯಾಂಡ್‌ನ 1981ರ ಆಲ್ಬಮ್ ಇದೇ ಸ್ಟುಡಿಯೋದಲ್ಲಿ ಆಗಿತ್ತು. ಅದರ ಸೌಂಡ್ ಇವರಿಗೆ ತುಂಬಾ ಇಷ್ಟ. ಅದಕ್ಕೆ ಕೆಲಸ ಮಾಡಿದ್ದ ಫ್ಲೆಮಿಂಗ್ ರಾಸ್ಮುಸೆನ್ ಅವರನ್ನೇ ಹುಡುಕ್ಕೊಂಡು ಹೋದ್ರು.

ಮೊದಲ ಕೆಲಸ, ಕಳೆದುಹೋದ ಆ ಸೌಂಡ್ ವಾಪಸ್ ಹುಡುಕೋದು. ಊರಲ್ಲಿ ಸಿಕ್ಕ ಮಾರ್ಷಲ್ ಆಂಪ್‌ಗಳನ್ನೆಲ್ಲ ತರಿಸಿ ಒಂದೊಂದೇ ನುಡಿಸಿ ನೋಡಿದ್ರು. ಫೆಬ್ರವರಿ 20ಕ್ಕೆ ಶುರುವಾದ ರೆಕಾರ್ಡಿಂಗ್ ಮಾರ್ಚ್ 14ಕ್ಕೆ ಮುಗೀತು. ಮೂರು ವಾರದ ಮೇಲೆ ಸ್ವಲ್ಪ ದಿನ, ಅಷ್ಟೇ. ನಮ್ಮಲ್ಲಿ ಒಂದು ಇಂಟರ್ನಲ್ಸ್ ಮುಗಿದು ಮಾರ್ಕ್ಸ್ ಬರೋಕೆ ಅದಕ್ಕಿಂತ ಜಾಸ್ತಿ ಟೈಮ್ ಹಿಡಿಯುತ್ತೆ 😅

ಖರ್ಚು? ನಾನು ಬಿಕಾಂ, ಅದನ್ನ ಕೇಳದೇ ಇರೋಕಾಗಲ್ಲ. ಪುಟ್ಟ ಮೆಗಾಫೋರ್ಸ್‌ಗೆ ಸ್ಟುಡಿಯೋ ಬಿಲ್ ಕಟ್ಟೋ ಶಕ್ತಿ ಇರಲಿಲ್ಲ. ಯುರೋಪಿನಲ್ಲಿ ಇವರ ರೆಕಾರ್ಡ್ ಮಾರ್ತಿದ್ದ ಮ್ಯೂಸಿಕ್ ಫಾರ್ ನೇಷನ್ಸ್ ಅನ್ನೋ ಲೇಬಲ್ ಆ ಖರ್ಚು ಹೊತ್ಕೊಂಡಿತು. ಬ್ಯಾಲೆನ್ಸ್ ಶೀಟ್ ಬರೆದ್ರೆ ಆಸ್ತಿ ಕಡೆ ತೋರಿಸೋಕೆ ಏನೂ ಇಲ್ಲ. ಇದ್ದಿದ್ದು 8 ಹಾಡು.

ಭಾಗ 5

ಆ 8 ಹಾಡಲ್ಲಿ ಏನಿದೆ ಗೊತ್ತಾ?

ಮೊದಲ ಹಾಡು ಶುರುವಾಗೋದೇ ಮೆತ್ತಗೆ, ಅಕೂಸ್ಟಿಕ್ ಗಿಟಾರ್‌ನಲ್ಲಿ. ಪ್ಲೇಯರ್‌ನಲ್ಲಿ ತಪ್ಪು ರೆಕಾರ್ಡ್ ಹಾಕಿದ್ವಾ ಅನ್ನಿಸಬೇಕು, ಹಂಗೆ. ಆಮೇಲೆ ಒಂದೇ ಸಲ ಸಿಡಿಯುತ್ತೆ. ವಿಷಯ ಅಣುಯುದ್ಧ. ಟೈಟಲ್ ಹಾಡು ಎಲೆಕ್ಟ್ರಿಕ್ ಚೇರ್‌ನಲ್ಲಿ ಸಾಯೋಕೆ ಕಾಯ್ತಿರೋ ಕೈದಿಯದು. ಕವರ್ ಮೇಲೆ ನೀಲಿ ಆಕಾಶ, ಮಿಂಚು, ನಡುವೆ ಆ ಕುರ್ಚಿ. 'ಫಾರ್ ಹೂಮ್ ದ ಬೆಲ್ ಟೋಲ್ಸ್' ಹೆಮಿಂಗ್ವೇ ಕಾದಂಬರಿಯಿಂದ ಬಂದಿದ್ದು. ಅದರ ಶುರುವಿನಲ್ಲಿ ಕೇಳ್ಸೋದು ಗಿಟಾರ್ ಅಂದ್ಕೊಂಡ್ರೆ ಮೋಸ ಹೋದ್ರಿ, ಅದು ಕ್ಲಿಫ್‌ನ ಬೇಸ್! 'ಕ್ರೀಪಿಂಗ್ ಡೆತ್' ಬೈಬಲ್‌ನ ವಿಮೋಚನಕಾಂಡದ ಕಥೆ, ಈಜಿಪ್ಟಿಗೆ ಬಂದ ಪಿಡುಗುಗಳದ್ದು. ಕೊನೇದು ಒಂದೇ ಒಂದು ಮಾತಿಲ್ಲದ, ಸುಮಾರು 9 ನಿಮಿಷದ ವಾದ್ಯಸಂಗೀತ.

ಈ ಬದಲಾವಣೆಯ ಹಿಂದೆ ಕ್ಲಿಫ್ ಕೈ ದೊಡ್ಡದು. ಅವನು ಸಂಗೀತ ಕ್ರಮವಾಗಿ ಕಲಿತವನು, ಬಾಖ್ ಕೇಳ್ತಿದ್ದವನು. ಎರಡು ಗಿಟಾರ್ ಬೇರೆ ಬೇರೆ ಸ್ವರದಲ್ಲಿ ಜೊತೆಯಾಗಿ ಹೋಗೋದು ಹೇಗೆ ಅನ್ನೋದನ್ನ ಉಳಿದವರು ಅವನಿಂದ ಕಲಿತ್ರು. ಬ್ಯಾಂಡ್ ಸೇರೋಕೂ ಅವನದ್ದೊಂದು ಕಂಡೀಷನ್ ಇತ್ತು: ನಾನು ಲಾಸ್ ಏಂಜಲೀಸ್‌ಗೆ ಬರಲ್ಲ, ಬೇಕಿದ್ರೆ ನೀವೇ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬನ್ನಿ. ಇಡೀ ಬ್ಯಾಂಡ್ ಗಂಟುಮೂಟೆ ಕಟ್ಕೊಂಡು ಹೋಯ್ತು.

ನ್ಯಾಯವಾಗಿ ಇನ್ನೊಂದು ಹೆಸರೂ ಹೇಳ್ಬೇಕು, ಡೇವ್ ಮಸ್ಟೇನ್. 1983ರಲ್ಲಿ ಅವನನ್ನ ಬ್ಯಾಂಡಿಂದ ಹೊರಗೆ ಹಾಕಿದ್ರು. ಆದ್ರೂ ಇದರ ಎರಡು ಹಾಡುಗಳಲ್ಲಿ ಅವನ ಕೆಲಸ ಇದೆ, ಹೆಸರೂ ಇದೆ. ಮುಂದೆ ಅವನೇ ಮೆಗಾಡೆತ್ ಕಟ್ಟಿದ.

ಭಾಗ 6

ಆಲ್ಬಮ್ ಬಂದಿದ್ದು ಜುಲೈ 27, 1984. ಮೊದಲನೇದು ಬಂದು ಬರೀ ಒಂದು ವರ್ಷ ಆಗಿತ್ತು. ಹಳೇ ಫ್ಯಾನ್ಸ್ ಕೆಲವರು ಉರಿದುಬಿದ್ರು. ಏನಿದು, ಅಕೂಸ್ಟಿಕ್ ಗಿಟಾರ್ ಹಿಡ್ಕೊಂಡು ಅಳ್ತಿದ್ದಾರಲ್ಲ, ದುಡ್ಡಿಗೆ ಮಾರ್ಕೊಂಡ್ರು ಅಂತ. ಸ್ಟುಡಿಯೋದಲ್ಲಿ ಮಲಗ್ತಿದ್ದ ಹುಡುಗರಿಗೆ ಈ ಮಾತು!

ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮ್‌ನಲ್ಲಿ ಶೋ. ಎಲೆಕ್ಟ್ರಾ ಕಂಪನಿಯ ಮೈಕಲ್ ಅಲಾಗೋ ನೋಡೋಕೆ ಬಂದಿದ್ರು. ಸ್ವಲ್ಪ ದಿನದಲ್ಲೇ ಕಾಂಟ್ರಾಕ್ಟ್ ಆಯ್ತು. ನವೆಂಬರ್‌ನಲ್ಲಿ ಎಲೆಕ್ಟ್ರಾ ಇದೇ ಆಲ್ಬಮ್ಮನ್ನ ಮತ್ತೆ ಹೊರತಂತು. ಒಂದೂ ವಿಡಿಯೋ ಇಲ್ಲ, ಸರಿಯಾಗಿ ರೇಡಿಯೋ ಇಲ್ಲ. ಆದ್ರೂ 1987ರಲ್ಲಿ ಅಮೆರಿಕದಲ್ಲಿ ಗೋಲ್ಡ್ ಆಯ್ತು, ಅಂದ್ರೆ 5 ಲಕ್ಷ ಪ್ರತಿ. ಇವತ್ತಿಗೆ ಅದು ಅಲ್ಲಿ 60 ಲಕ್ಷ ದಾಟಿದೆ.

ಅಷ್ಟೊತ್ತಿಗೆ ಕ್ಲಿಫ್ ಇರಲಿಲ್ಲ. ಸೆಪ್ಟೆಂಬರ್ 27, 1986ರಂದು ಸ್ವೀಡನ್‌ನಲ್ಲಿ ಟೂರ್ ಬಸ್ ಮಗುಚಿ ತೀರ್ಕೊಂಡ. 24 ವರ್ಷ. ಗೋಲ್ಡ್ ಆಗಿದ್ದನ್ನ ಅವನು ನೋಡಲೇ ಇಲ್ಲ.

ಭಾಗ 7, ಕೊನೇದು

ಅಕ್ಟೋಬರ್ 30, 2011ರಂದು ಮೆಟಾಲಿಕಾ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ರು. ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಆಗ್ಬೇಕಿದ್ದ ಶೋ ಕ್ಯಾನ್ಸಲ್ ಆಗಿತ್ತು, ಹಾಗಾಗಿ ಭಾರತದ ಮೊದಲ ಶೋ ನಮ್ಮೂರಿನದೇ. ನಾವೆಲ್ಲ ಆಗ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ವಿ. ಯೂಟ್ಯೂಬ್‌ನಲ್ಲಿ ನೋಡಿ ಹೊಟ್ಟೆ ಉರ್ಕೊಳ್ಳೋದಷ್ಟೇ ನಮ್ಮ ಪಾಲು.

ದುಡ್ಡಿಗೆ ಮಾರ್ಕೊಂಡ್ರು ಅಂತ ಬೈಸ್ಕೊಂಡ ಆ ಹಾಡಿದ್ಯಲ್ಲ, 'ಫೇಡ್ ಟು ಬ್ಲ್ಯಾಕ್', ಅದನ್ನ ಕೇಳಿದವರು ಬ್ಯಾಂಡ್‌ಗೆ ರಾಶಿ ಪತ್ರ ಬರೆದ್ರು. ಈ ಹಾಡಿಂದ ನಾನು ಒಬ್ಬನೇ ಅಲ್ಲ ಅನ್ನಿಸ್ತು, ಉಳ್ಕೊಂಡೆ ಅಂತ. ಆಂಪ್ ಕಳ್ಕೊಂಡ ಹುಡುಗ ತನ್ನ ಸಂಕಟ ಮುಚ್ಚಿಟ್ಟು ಇನ್ನೊಂದು ಸ್ಪೀಡ್ ಹಾಡು ಬರೆದಿದ್ರೆ ಫ್ಯಾನ್ಸ್ ಖುಷಿಯಾಗ್ತಿದ್ರು. ಆ ಪತ್ರಗಳು ಮಾತ್ರ ಬರ್ತಿರಲಿಲ್ಲ.

ನಮ್ಮ ಕ್ಲಾಸಲ್ಲೂ ನಗ್ತಾ ನಗ್ತಾ ಒಳಗೆ ಕುಸೀತಿರೋರು ಇದ್ದಾರೆ. ನೀವೇ ಆಗಿದ್ರೆ ಒಬ್ಬರ ಹತ್ರ ಆದ್ರೂ ಬಾಯಿಬಿಟ್ಟು ಹೇಳಿ. ನನಗೆ ಮೆಸೇಜ್ ಮಾಡಿದ್ರೂ ಸರಿ, ರಾತ್ರಿ ಎಷ್ಟೊತ್ತಾದ್ರೂ ಸರಿ. ಪರಿಚಯದವರ ಹತ್ರ ಬೇಡ ಅಂದ್ರೆ ಟೆಲಿಮಾನಸ್ ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಇವತ್ತು ಇಯರ್‌ಫೋನ್ ಹಾಕ್ಕೊಂಡು ಆಲ್ಬಮ್ ಪೂರ್ತಿ ಕೇಳಿ. 47 ನಿಮಿಷ. ಮೆಜೆಸ್ಟಿಕ್‌ನಿಂದ ಮನೆಗೆ ಬಸ್ಸಲ್ಲಿ ಹೋಗೋಷ್ಟು ಹೊತ್ತು. ಯಾವ ಹಾಡು ಹಿಡಿಸ್ತು ಅಂತ ಕೆಳಗೆ ಬರೀರಿ. ನನ್ನ ಓಟು ಕ್ಲಿಫ್‌ನ ಬೇಸ್‌ಗೆ 🤘

#ಮೆಟಾಲಿಕಾ #ರೈಡ್‌ದಲೈಟ್ನಿಂಗ್ #ಕನ್ನಡದಲ್ಲಿಮೆಟಲ್ #ಹಾಡಿನಹಿಂದಿನಕಥೆ